ಕೊಡುವ ಕೈ ಮತ್ತು ತೂಗುವ ತಕ್ಕಡಿ



ರಮಝಾನಿನ ಕೊನೆಯ ಹತ್ತರ ಒಂದು ರಾತ್ರಿಯನ್ನು ನೆನೆದುಕೊಳ್ಳಿ. ತರಾವೀಹ್ ಮುಗಿಸಿ ಮನೆಗೆ ಬಂದ ವ್ಯಾಪಾರಿಯೊಬ್ಬರು ಲೆಕ್ಕದ ಪುಸ್ತಕ ಬಿಡಿಸಿ ಕುಳಿತಿದ್ದಾರೆ. ಅಂಗಡಿಯ ಸರಕು, ಬ್ಯಾಂಕಿನ ಹಣ, ಬರಬೇಕಾದ ಬಾಕಿ, ತೀರಿಸಬೇಕಾದ ಸಾಲ ಎಲ್ಲವನ್ನೂ ಕೂಡಿ ಕಳೆದು ನೋಡುತ್ತಾರೆ. 20 ಲಕ್ಷ ರೂಪಾಯಿ ಉಳಿಯುತ್ತದೆ. ಅದರ ನಲ್ವತ್ತರಲ್ಲೊಂದು ಪಾಲು 50 ಸಾವಿರ. ಒಂದು ರೂಪಾಯಿಯೂ ಕಡಿಮೆಯಾಗಬಾರದೆಂಬ ಭಯದಿಂದ ಎರಡು ಸಲ ಲೆಕ್ಕ ಮಾಡುತ್ತಾರೆ. ಮರುದಿನ ಆ ಹಣವನ್ನು ನೂರರ ನೋಟುಗಳಾಗಿ ಮಾಡಿಸಿ ತರುತ್ತಾರೆ. ಮನೆಯ ಮುಂದೆ ಸಾಲು ಬೆಳೆಯುತ್ತದೆ. ಅಸರ್‌ನಿಂದ ಮಗ್ರಿಬ್‌ನೊಳಗೆ 500 ಕೈಗಳಿಗೆ 500 ನೋಟುಗಳು ಹೋಗುತ್ತವೆ. ಅಲ್‌ಹಮ್ದುಲಿಲ್ಲಾಹ್, ಈ ವರ್ಷದ ಝಕಾತ್ ಮುಗಿಯಿತೆಂದು ಅವರು ಇಫ್ತಾರಿಗೆ ಏಳುತ್ತಾರೆ.

ಆ ಸಹೋದರರ ನಿಷ್ಠೆಯನ್ನು ನಾನು ಪ್ರಶ್ನಿಸುವುದಿಲ್ಲ. ಝಕಾತನ್ನೇ ಕೊಡದ ಅದೆಷ್ಟೋ ಮಂದಿಗಿಂತ ಅವರು ಸಾವಿರ ಪಾಲು ಮೇಲು. ಆದರೂ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ತೆಗೆಯುವಾಗ ಪೈಸೆಗೂ ಲೆಕ್ಕವಿಟ್ಟ ಮನುಷ್ಯ ಕೊಡುವಾಗ ಲೆಕ್ಕವನ್ನೇ ಕೈಬಿಟ್ಟದ್ದೇಕೆ? ಆ 500 ಮನೆಗಳಲ್ಲಿ ಈದ್ ಕಳೆದ ಮರುವಾರ ಯಾವ ಬದಲಾವಣೆ ಉಳಿದಿತ್ತು?

ಈ ಪ್ರಶ್ನೆ ಕೇಳಿದರೆ ನಮ್ಮಲ್ಲಿ ಎರಡು ಬಗೆಯ ಉತ್ತರ ಬರುತ್ತದೆ. ದಾನವೆಂದರೆ ವ್ಯಾಪಾರವಲ್ಲ, ಅಲ್ಲಾಹನ ಹೆಸರಲ್ಲಿ ಕೊಟ್ಟ ಮೇಲೆ ತಿರುಗಿ ನೋಡಬಾರದು, ಲಾಭ ನಷ್ಟ ಎಣಿಸುವುದು ನಮ್ಮ ಕೆಲಸವಲ್ಲ ಎನ್ನುತ್ತಾರೆ ಹಿರಿಯರು. ಓದಿದ ಯುವಕರು ಬೇರೆ ಮಾತಾಡುತ್ತಾರೆ. ಪ್ರತಿ ರೂಪಾಯಿಗೂ ಫಲವೆಷ್ಟೆಂದು ಅಳೆಯಬೇಕು, ಹೆಚ್ಚು ಫಲ ಸಿಗುವಲ್ಲಿಗೇ ಹಣ ಹೋಗಬೇಕು, ಉಳಿದದ್ದೆಲ್ಲ ಬರಿಯ ಭಾವುಕತೆ ಎಂಬುದು ಅವರ ವಾದ. ಇಬ್ಬರ ಮಾತಿನಲ್ಲೂ ಸತ್ಯದ ಒಂದೊಂದು ಪಾಲಿದೆ. ಆ ಪಾಲು ಎಲ್ಲಿಯವರೆಗೆ ಎಂಬುದನ್ನು ನಾವಿಂದು ವಿಚಾರ ಮಾಡೋಣ.

ಲೆಕ್ಕ ದೀನಿಗೆ ಹೊರಗಿನದಲ್ಲ

ಮೊದಲಿಗೆ ಹಿರಿಯರ ಸಂಶಯ. ಲೆಕ್ಕ ಇಖ್ಲಾಸಿಗೆ ಅಡ್ಡಿಯೇ? ಬಲಗೈ ಕೊಟ್ಟದ್ದನ್ನು ಎಡಗೈ ಅರಿಯದಷ್ಟು ಗುಪ್ತವಾಗಿ ಕೊಡುವವನಿಗೆ ಅಂತ್ಯದಿನದಂದು ಅಲ್ಲಾಹನ ನೆರಳು ದೊರೆಯುವುದೆಂದು ಪ್ರವಾದಿವರ್ಯರು(ಸ) ಶುಭವಾರ್ತೆ ನೀಡಿದ್ದಾರೆ. ನಿಜ. ಆದರೆ ಎಡಗೈ ಅರಿಯಬಾರದೆಂದರೆ ಬಲಗೈಗೂ ಅರಿವಿರಬಾರದೆಂದು ಅರ್ಥವಲ್ಲ. ಗುಪ್ತವಾಗಿ ಕೊಡುವುದು ಬೇರೆ, ಕಣ್ಣು ಮುಚ್ಚಿ ಕೊಡುವುದು ಬೇರೆ.

ಝಕಾತಿನ ರಚನೆಯನ್ನೇ ನೋಡಿ. ಬೆಳ್ಳಿಯಾದರೆ 200 ದಿರ್ಹಮ್, ಚಿನ್ನವಾದರೆ 20 ದೀನಾರ್, ಆಡುಗಳಾದರೆ 40, ಒಂಟೆಗಳಾದರೆ 5. ಮಳೆಯಿಂದ ಬೆಳೆದ ಬೆಳೆಗೆ ಹತ್ತರಲ್ಲೊಂದು, ನೀರೆತ್ತಿ ಬೆಳೆದದ್ದಕ್ಕೆ ಇಪ್ಪತ್ತರಲ್ಲೊಂದು. ರೈತನ ಬೆವರಿಗೂ ರಿಯಾಯಿತಿ ಕೊಡುವಷ್ಟು ಸೂಕ್ಷ್ಮ ಲೆಕ್ಕವಿದು. ಲೆಕ್ಕ ಕೇವಲ ವಸೂಲಿಗೂ ಸೀಮಿತವಲ್ಲ. ಸಂಗ್ರಹವಾದ ಸಂಪತ್ತು ಯಾರಿಗೆ ಸಲ್ಲಬೇಕೆಂಬುದನ್ನು ಅಲ್ಲಾಹನು ಯಾರ ಇಚ್ಛೆಗೂ ಬಿಡದೆ, ಸೂರಃ ಅತ್ತೌಬದ 60ನೇ ವಚನದಲ್ಲಿ ಎಂಟು ವರ್ಗಗಳನ್ನು ತಾನೇ ಹೆಸರಿಸಿದ್ದಾನೆ.

ಪ್ರವಾದಿವರ್ಯರ(ಸ) ನಡವಳಿಕೆಯಲ್ಲೂ ಇದೇ ಎಚ್ಚರ ಕಾಣುತ್ತದೆ. ಝಕಾತ್ ಸಂಗ್ರಹಕ್ಕೆ ಹೋಗಿದ್ದ ಇಬ್ನುಲ್ಲುತ್ಬಿಯ್ಯ ಎಂಬವರು ಮರಳಿ ಬಂದು, ಇಷ್ಟು ನಿಮ್ಮದು, ಇಷ್ಟು ನನಗೆ ಬಂದ ಕಾಣಿಕೆ ಎಂದಾಗ ಪ್ರವಾದಿವರ್ಯರು(ಸ) ಸುಮ್ಮನಿರಲಿಲ್ಲ. ಹೆತ್ತವರ ಮನೆಯಲ್ಲೇ ಕುಳಿತಿದ್ದರೆ ಆ ಕಾಣಿಕೆ ಬರುತ್ತಿತ್ತೇ ಎಂದು ಜನರ ಮುಂದೆಯೇ ಕೇಳಿದರು. ಖಬೀಸಃ(ರ) ಎಂಬ ಸಹಾಬಿಗೆ ಯಾಚನೆಯ ನಿಯಮ ತಿಳಿಸುತ್ತಾ, ಬಡತನದಿಂದ ಕೈಚಾಚುವವನ ಕಷ್ಟಕ್ಕೆ ಅವನದೇ ಜನರಲ್ಲಿ ತಿಳಿವಳಿಕೆಯುಳ್ಳ ಮೂವರು ಸಾಕ್ಷಿ ಹೇಳಬೇಕೆಂದರು. ಲೆಕ್ಕ ತಪಾಸಣೆ, ಸ್ಥಳ ವಿಚಾರಣೆ ಎಂದು ಇಂದು ನಾವು ಯಾವುದನ್ನು ಕರೆಯುತ್ತೇವೋ ಅದೆಲ್ಲ ಇಲ್ಲಿದೆ.

ಅಬೂ ದಾವೂದ್‌ನಲ್ಲಿ ಬಂದಿರುವ ಅನ್ಸಾರಿಯ ಘಟನೆ ನಿಮಗೆ ತಿಳಿದಿರಬಹುದು. ಬೇಡಲು ಬಂದವನ ಮನೆಯಲ್ಲಿ ಉಳಿದಿದ್ದದ್ದು ಒಂದು ಕಂಬಳಿ, ನೀರು ಕುಡಿಯುವ ಒಂದು ಬಟ್ಟಲು. ಪ್ರವಾದಿವರ್ಯರು(ಸ) ಅವೆರಡನ್ನೂ ತರಿಸಿ, ಸಭೆಯಲ್ಲಿ ಹರಾಜು ಹಾಕಿ ಎರಡು ದಿರ್ಹಮ್‌ಗೆ ಮಾರಿದರು. ಒಂದರಿಂದ ಮನೆಯವರಿಗೆ ಆಹಾರ, ಇನ್ನೊಂದರಿಂದ ಕೊಡಲಿ. ಕೊಡಲಿಗೆ ಕಾವನ್ನು ತಮ್ಮ ಕೈಯಾರೆ ಹಾಕಿದರು. ಕಟ್ಟಿಗೆ ಕಡಿದು ಮಾರು, 15 ದಿನ ನಿನ್ನನ್ನು ಇಲ್ಲಿ ಕಾಣಬಾರದು ಎಂದರು. ಅವನು ಮರಳಿ ಬಂದಾಗ ಕೈಯಲ್ಲಿ ಹತ್ತು ದಿರ್ಹಮ್ ಇತ್ತು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಮೊದಲ ದಿರ್ಹಮ್ ಅಂದಿನ ಹಸಿವಿಗೆ, ಕೊಡಲಿ ಎರಡನೆಯದು. ಮತ್ತು 15 ದಿನ ಎಂಬ ಅವಧಿ. ಕೊಟ್ಟ ನೆರವು ಏನಾಯಿತೆಂದು ತಿಳಿಯುವ ದಿನವನ್ನೂ ಅವರು ನಿಶ್ಚಯಿಸಿದ್ದರು.

ಎಣಿಕೆ ಕಲಿಸುವ ಪಾಠ

ಲೆಕ್ಕ ಹಾಕಿ ನೋಡಿದಾಗ ನಮ್ಮ ಊಹೆಗಳು ಹೇಗೆ ಮುರಿದು ಬೀಳುತ್ತವೆಂಬುದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಕೊಡುತ್ತೇನೆ. ರಾಜಸ್ಥಾನದ ಉದಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಚುಚ್ಚುಮದ್ದು ಉಚಿತ. ಆದರೂ ಆಗ ಎಲ್ಲ ಚುಚ್ಚುಮದ್ದನ್ನೂ ಪೂರ್ತಿ ಮಾಡಿಸಿಕೊಳ್ಳುತ್ತಿದ್ದ ಮಕ್ಕಳು ತೀರ ಕಡಿಮೆಯಿದ್ದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತವರ ಸಂಗಡಿಗರು ಸೇವಾ ಮಂದಿರ ಎಂಬ ಸಂಸ್ಥೆಯೊಂದಿಗೆ ಸೇರಿ ಪರೀಕ್ಷೆ ನಡೆಸಿದರು. ಕೆಲವು ಹಳ್ಳಿಗಳಲ್ಲಿ ತಿಂಗಳಿಗೊಮ್ಮೆ ತಪ್ಪದೆ ಶಿಬಿರ ನಡೆಸಲಾಯಿತು. ಇನ್ನು ಕೆಲವು ಹಳ್ಳಿಗಳಲ್ಲಿ ಶಿಬಿರದ ಜೊತೆಗೆ ಪ್ರತಿ ಸಲ ಬಂದ ತಾಯಿಗೆ ಒಂದು ಕಿಲೋ ಬೇಳೆ, ಎಲ್ಲ ಮುಗಿಸಿದಾಗ ಊಟದ ತಟ್ಟೆಗಳು. 2010ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು. ಏನೂ ಮಾಡದ ಹಳ್ಳಿಗಳಲ್ಲಿ ಪೂರ್ತಿ ಚುಚ್ಚುಮದ್ದು ಪಡೆದ ಮಕ್ಕಳು 100ಕ್ಕೆ 6. ಶಿಬಿರವಿದ್ದಲ್ಲಿ 18. ಬೇಳೆಯೂ ಇದ್ದಲ್ಲಿ 39. ಬೇಳೆಗೆ ಖರ್ಚು ಮಾಡಿದ್ದರಿಂದ ಒಂದು ಮಗುವಿಗೆ ತಗಲುವ ಒಟ್ಟು ಖರ್ಚು ಏರಿರಬೇಕೆಂದು ನೀವು ಎಣಿಸಬಹುದು. ಆದರೆ ಅದು ಇಳಿಯಿತು! ಏಕೆಂದರೆ ಮಕ್ಕಳು ಬಂದರೂ ಬಾರದಿದ್ದರೂ ನರ್ಸಿನ ದಿನಗೂಲಿ ಒಂದೇ. ಲೆಕ್ಕ ಮಾಡದಿದ್ದರೆ ಇದು ಯಾರಿಗೂ ಹೊಳೆಯುತ್ತಿರಲಿಲ್ಲ. ಈ ಬಗೆಯ ಕೆಲಸಕ್ಕಾಗಿಯೇ ಅವರಿಬ್ಬರಿಗೂ ಮೈಕೆಲ್ ಕ್ರೆಮರ್ ಅವರಿಗೂ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಬಂತು.

ಇನ್ನು ಲೆಕ್ಕವಿಲ್ಲದ ದಾನ ಎಲ್ಲಿಗೆ ಮುಟ್ಟಬಲ್ಲದೆಂಬುದನ್ನೂ ನೋಡೋಣ. 2008ರ ರಮಝಾನಿನಲ್ಲಿ ಇಂಡೋನೇಷ್ಯಾದ ಪಸುರುವಾನ್ ಎಂಬಲ್ಲಿ ಧನಿಕ ಕುಟುಂಬವೊಂದು ತನ್ನ ಮನೆಯ ಬಳಿ ಝಕಾತ್ ಹಂಚುತ್ತಿತ್ತು. ತಲೆಗೆ 30 ಸಾವಿರ ರುಪಿಯಾ, ಅಂದರೆ ಆಗಿನ ನಮ್ಮ ಸುಮಾರು 150 ರೂಪಾಯಿ. ಸಾವಿರಾರು ಜನ ಸೇರಿದರು. ನೂಕುನುಗ್ಗಲಿನಲ್ಲಿ 21 ಮಂದಿ ಮಹಿಳೆಯರು ಅಸುನೀಗಿದರು. 2023ರ ಏಪ್ರಿಲ್‌ನಲ್ಲಿ, ಈದ್‌ಗೆ ಇನ್ನೇನು ಒಂದೆರಡು ದಿನಗಳಿವೆಯೆನ್ನುವಾಗ, ಯಮನ್‌ನ ಸನ್‌ಆ ನಗರದ ಶಾಲೆಯೊಂದರಲ್ಲಿ ವ್ಯಾಪಾರಿಗಳು ನೆರವು ಹಂಚುತ್ತಿದ್ದಾಗ 75ಕ್ಕೂ ಹೆಚ್ಚು ಜನ ಕಾಲ್ತುಳಿತಕ್ಕೆ ಬಲಿಯಾದರು. ಕೊಟ್ಟವರ ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಆದರೆ ನಮ್ಮ ಝಕಾತ್ ಎಷ್ಟು ಜನರಿಗೆ ಮುಟ್ಟಿತು ಎಂಬ ಒಂದೇ ಎಣಿಕೆಯನ್ನು ಹಿಡಿದುಕೊಂಡರೆ, ಸಾಲು ಉದ್ದವಾದಷ್ಟೂ ಪುಣ್ಯ ಹೆಚ್ಚೆಂಬ ಭ್ರಮೆ ಹುಟ್ಟುತ್ತದೆ. ನೂರರ ನೋಟಿನ ಸಾಲು ನಮ್ಮ ಊರಿನಲ್ಲಿ ಯಾರನ್ನೂ ಕೊಲ್ಲದಿರಬಹುದು. ಆದರೆ ಅದು ಮಾನವನ್ನು ತುಳಿಯುವುದಿಲ್ಲವೇ?

ಒಬ್ಬನಿಗೆ ಎಷ್ಟು?

50 ಸಾವಿರವನ್ನು 500 ಮಂದಿಗೆ ಹಂಚಬೇಕೇ, ಇಬ್ಬರಿಗೆ ಕೊಡಬೇಕೇ ಎಂಬುದು ಹೊಸ ಪ್ರಶ್ನೆಯಲ್ಲ. ನಮ್ಮ ಫಿಕ್ಹ್ ಗ್ರಂಥಗಳಲ್ಲಿ ಇದರ ಚರ್ಚೆ ವಿಸ್ತಾರವಾಗಿಯೇ ಇದೆ. ಇಮಾಮ್ ನವವೀ(ರಹ) ತಮ್ಮ ‘ಅಲ್ ಮಜ್ಮೂಅ್‌’ನಲ್ಲಿ ಶಾಫಿಈ ವಿದ್ವಾಂಸರ ನಿಲುವನ್ನು ವಿವರಿಸಿದ್ದಾರೆ. ಬಡವನನ್ನು ಬಡತನದಿಂದ ಹೊರತರುವಷ್ಟು ಕೊಡಬೇಕು. ಕಸುಬುದಾರನಿಗೆ ಅವನ ಕಸುಬಿನ ಉಪಕರಣ, ಅದರ ಬೆಲೆ ಎಷ್ಟೇ ಆಗಿರಲಿ. ವ್ಯಾಪಾರ ಬಲ್ಲವನಿಗೆ ಬದುಕು ಸಾಗುವಷ್ಟು ಲಾಭ ತರುವ ಬಂಡವಾಳ. ಯಾವ ಕಸುಬೂ ಬಾರದವನಿಗೆ ಅವನ ಬಾಳಿಗೆ ಸಾಕಾಗುವಷ್ಟು. ಒಂದು ವರ್ಷದ ಅಗತ್ಯಕ್ಕೆ ಸಾಕಾಗುವಷ್ಟು ಎಂಬುದು ಮಾಲಿಕೀ ಮತ್ತು ಹಂಬಲೀ ವಿದ್ವಾಂಸರ ಪ್ರಸಿದ್ಧ ಅಭಿಪ್ರಾಯ. ಹನಫೀಗಳು ಒಬ್ಬನಿಗೇ ನಿಸಾಬಿನಷ್ಟು ಕೊಡುವುದನ್ನು ಮೆಚ್ಚುವುದಿಲ್ಲ, ಆದರೆ ಸಾಲಗಾರನಿಗೂ ದೊಡ್ಡ ಸಂಸಾರದವನಿಗೂ ವಿನಾಯಿತಿ ಕೊಡುತ್ತಾರೆ. ಭಿನ್ನಾಭಿಪ್ರಾಯವಿದೆ. ಆದರೆ ಮುಂದಿನ ರಮಝಾನಿನಲ್ಲಿ ಅದೇ ಸಾಲಿನಲ್ಲಿ ಮತ್ತೆ ನಿಲ್ಲುವಷ್ಟು ಮಾತ್ರ ಕೊಡುವುದೇ ಲೇಸೆಂದು ಇವರಲ್ಲಿ ಯಾರೂ ಹೇಳಿಲ್ಲ.

ಆದ್ದರಿಂದ ಯುವಕರ ಮಾತಿನ ಮೊದಲ ಅರ್ಧವನ್ನು ನಾವು ಒಪ್ಪಲೇಬೇಕು. ಝಕಾತ್ ನಮ್ಮ ಔದಾರ್ಯವಲ್ಲ, ಅದು ಬಡವನ ಹಕ್ಕು. ಇನ್ನೊಬ್ಬರ ಹಣ ಕೈಯಲ್ಲಿರುವಾಗ ಅದು ಸರಿಯಾಗಿ ಮುಟ್ಟಿತೇ ಎಂದು ನೋಡದಿರುವುದು ಅಮಾನತಿನಲ್ಲಿ ಲೋಪ.

ದೂರದ ಮಗು, ಹತ್ತಿರದ ಮಗು

ಇನ್ನು ಎರಡನೆಯ ಅರ್ಧ. ಹೆಚ್ಚು ಫಲ ಸಿಗುವಲ್ಲಿಗೇ ಎಲ್ಲವೂ ಹೋಗಬೇಕೆಂಬ ವಾದ. ಇದಕ್ಕೆ ಬಲವಾದ ರೂಪ ಕೊಟ್ಟವರು ಪೀಟರ್ ಸಿಂಗರ್ ಎಂಬ ಆಸ್ಟ್ರೇಲಿಯಾದ ತತ್ವಜ್ಞಾನಿ. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಹಸಿವಿನಿಂದ ನರಳುತ್ತಿದ್ದ ಸಂದರ್ಭವನ್ನು ಮುಂದಿಟ್ಟು ಅವರು ಬರೆದ ಪ್ರಬಂಧ 1972ರಲ್ಲಿ ಪ್ರಕಟವಾಯಿತು. ಅವರ ವಾದದ ಸಾರ ಇಷ್ಟು. ಕಣ್ಣೆದುರಿನ ಕೊಳದಲ್ಲಿ ಮಗುವೊಂದು ಮುಳುಗುತ್ತಿದ್ದರೆ ಬಟ್ಟೆ ಕೆಡುವುದೆಂದು ನಾವು ಹಿಂಜರಿಯುವುದಿಲ್ಲ. ಹಾಗಿದ್ದ ಮೇಲೆ ದೂರದ ದೇಶದ ಮಗುವನ್ನು ಉಳಿಸುವ ಶಕ್ತಿ ಇದ್ದೂ ಸುಮ್ಮನಿರುವುದು ಹೇಗೆ ಸರಿ? ದೂರ ಎಂಬುದು ಕರ್ತವ್ಯವನ್ನು ಕಡಿಮೆ ಮಾಡದು. ಮುಂದೆ 2007ರಲ್ಲಿ ಅಮೆರಿಕದಲ್ಲಿ ಗಿವ್‌ವೆಲ್ ಎಂಬ ಸಂಸ್ಥೆ ಹುಟ್ಟಿತು. ಯಾವ ಸೇವಾಸಂಸ್ಥೆಗೆ ಕೊಟ್ಟ ಹಣದಿಂದ ಹೆಚ್ಚು ಜೀವ ಉಳಿಯುತ್ತದೆಂದು ಅದು ಲೆಕ್ಕ ಹಾಕುತ್ತದೆ. ಮಲೇರಿಯಾ ತಡೆಯುವ ಸೊಳ್ಳೆಪರದೆಯಂಥ ಅಗ್ಗದ ಸಾಧನ ಅದರ ಪಟ್ಟಿಯಲ್ಲಿ ಮೇಲಿನ ಸ್ಥಾನದಲ್ಲಿದೆ.

ಸೊಳ್ಳೆಪರದೆ ಕೊಡುವವರನ್ನು ನಾವು ಹಗುರವಾಗಿ ಕಾಣಬಾರದು. ಬಾಯಾರಿದ ನಾಯಿಗೆ ನೀರು ಕೊಟ್ಟವಳಿಗೆ ಕ್ಷಮೆ ದೊರೆತ ವೃತ್ತಾಂತವನ್ನು ಓದಿದ ಸಮುದಾಯ ನಾವು. ಗುರುತು ಪರಿಚಯವಿಲ್ಲದ ಜೀವಕ್ಕೂ ನಮ್ಮ ಮೇಲೆ ಹಕ್ಕಿದೆ. ಆದರೂ ಇಸ್ಲಾಮ್ ಒಂದು ಕ್ರಮವನ್ನು ಕಲಿಸುತ್ತದೆ. ಏನು ಖರ್ಚು ಮಾಡಬೇಕೆಂದು ಕೇಳಿದವರಿಗೆ ಸೂರಃ ಅಲ್ ಬಕರಃದ 215ನೇ ವಚನ ಕೊಟ್ಟ ಉತ್ತರ ತಂದೆ ತಾಯಿಯಿಂದ ಆರಂಭವಾಗುತ್ತದೆ. ಆ ಮೇಲೆ ಬಂಧುಗಳು, ಅನಾಥರು, ದರಿದ್ರರು, ದಾರಿಹೋಕರು. ಅಬೂ ತಲ್ಹಾ(ರ) ತಮಗೆ ಅತ್ಯಂತ ಪ್ರಿಯವಾಗಿದ್ದ ಬೈರುಹಾ ತೋಟವನ್ನು ಅಲ್ಲಾಹನಿಗಾಗಿ ಒಪ್ಪಿಸಿದಾಗ, ಅದನ್ನು ನಿಮ್ಮ ಬಂಧುಗಳಿಗೇ ಹಂಚಿರೆಂದು ಪ್ರವಾದಿವರ್ಯರು(ಸ) ಸಲಹೆ ಕೊಟ್ಟರು. ಬಡ ಬಂಧುವಿಗೆ ಕೊಟ್ಟದ್ದಕ್ಕೆ ದಾನದ ಪುಣ್ಯವೂ ಸಂಬಂಧ ಕಾಯ್ದ ಪುಣ್ಯವೂ ಇದೆ.

ಇದು ಸ್ವಾರ್ಥವೇ? ಅಲ್ಲ. ಬಾಡಿಗೆ ಕಟ್ಟಲಾಗದೆ ಕೂತ ತಂಗಿಯ ಸಂಕಟ ದೂರದ ಯಾವ ತಜ್ಞನ ಪಟ್ಟಿಗೂ ಬರುವುದಿಲ್ಲ. ಅದನ್ನು ಬಲ್ಲವನು ಅಣ್ಣ ಒಬ್ಬನೇ. ಅವನೂ ಬೇರೆಡೆಗೆ ಮುಖ ತಿರುಗಿಸಿದರೆ ಅವಳಿಗೆ ಮತ್ತಾರೂ ಇಲ್ಲ. ಹತ್ತಿರದವರ ಹೊಣೆ ನಮಗೆ ಹಂಚಿಕೆಯಾಗಿ ಬಂದ ಅಮಾನತು.

ಅದರ ಜೊತೆಗೆ ಇನ್ನೊಂದು ಮಗ್ಗುಲೂ ಇದೆ. ಮುಆದ್(ರ) ಅವರನ್ನು ಯಮನ್‌ಗೆ ಕಳುಹಿಸುವಾಗ ಪ್ರವಾದಿವರ್ಯರು(ಸ) ಅಲ್ಲಿನ ಶ್ರೀಮಂತರಿಂದ ಪಡೆದು ಅಲ್ಲಿನ ಬಡವರಿಗೇ ಕೊಡಲು ಆಜ್ಞಾಪಿಸಿದ್ದರು. ಮುಂದೆ ಹ. ಉಮರ್‌(ರ) ಅವರ ಕಾಲದಲ್ಲಿ ಮುಆದ್(ರ) ಝಕಾತಿನ ಒಂದು ಪಾಲನ್ನು ಮದೀನಾಕ್ಕೆ ಕಳುಹಿಸಿದಾಗ ಖಲೀಫರು ಆಕ್ಷೇಪಿಸಿದರು. ಇಲ್ಲಿ ಪಡೆಯುವವರು ಯಾರಾದರೂ ಇದ್ದಿದ್ದರೆ ನಾನು ಕಳುಹಿಸುತ್ತಿರಲಿಲ್ಲ ಎಂದರು ಮುಆದ್(ರ). ಅಬೂ ಉಬೈದ್‌(ರಹ) ಅವರ ‘ಕಿತಾಬುಲ್ ಅಮ್ವಾಲ್‌’ನಲ್ಲಿ ಈ ಪ್ರಸಂಗವಿದೆ. ಮೊದಲು ನಿಮ್ಮೂರು, ಆದರೆ ನಿಮ್ಮೂರಿನಲ್ಲಿ ನಿಜವಾದ ಅಗತ್ಯ ತೀರಿದ ಮೇಲೂ ಹಣವನ್ನು ಅಲ್ಲೇ ಕಟ್ಟಿಹಾಕಬೇಡಿ. ಅನುಕೂಲವುಳ್ಳ ಪೇಟೆಯ ಮಹಲ್ಲಿನಲ್ಲಿ ಒಂದೇ ಮನೆಗೆ ಮೂರನೆಯ ರಮಝಾನ್ ಕಿಟ್ ಹೋಗುತ್ತಿರುವಾಗ ರಾಯಚೂರು, ಯಾದಗಿರಿಯ ಬಡ ಹಳ್ಳಿಗಳಿಗೆ ಒಂದೂ ಹೋಗದಿದ್ದರೆ, ಅದನ್ನು ನೆರೆಹೊರೆಯ ಹಕ್ಕು ಎನ್ನಲಾಗದು. ಅದು ಕೇವಲ ರೂಢಿ.

ಗೆರೆ ಎಳೆದ ಅಂಕಣ

ಇಲ್ಲಿಯವರೆಗೆ ಲೆಕ್ಕದ ಪರವಾಗಿ ಬಹಳ ಹೇಳಿದೆ. ಲೆಕ್ಕ ನನ್ನನ್ನು ಎಲ್ಲಿ ಎಡವಿಸಿತೆಂಬುದನ್ನೂ ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಮಹಲ್ಲಿನಲ್ಲಿ ಝಕಾತನ್ನು ಒಂದೆಡೆ ಸೇರಿಸಿ ಹಂಚುವ ಏರ್ಪಾಟು ಆರಂಭವಾಯಿತು. ಮದ್ರಸಾದ ಅಧ್ಯಾಪಕನೆಂದು ರಿಜಿಸ್ಟರ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹೆಸರು, ವಯಸ್ಸು, ಮನೆಯಲ್ಲಿರುವವರು, ಆದಾಯ, ಸಾಲ, ಕೊನೆಗೆ ‘ನಿರೀಕ್ಷಿತ ಪ್ರಯೋಜನ’ ಎಂಬ ಅಂಕಣ. ಆ ಅಂಕಣ ನನ್ನದೇ ಆಲೋಚನೆ. ಅದನ್ನು ಗೆರೆ ಹಾಕಿ ಬರೆಯುವಾಗ ಹೆಮ್ಮೆಯೂ ಆಗಿತ್ತು.

ರಿಜಿಸ್ಟರಿನಿಂದ ಒಳಿತು ಆಗಲಿಲ್ಲವೆಂದಲ್ಲ. ಮೂರು ಕಡೆಗಳಿಂದ ನೆರವು ಪಡೆಯುತ್ತಿದ್ದ ಮನೆಗಳು ಗೊತ್ತಾದವು. ಒಂದು ಪೈಸೆಯೂ ಸಿಗದಿದ್ದ ಮನೆಗಳು ಗೊತ್ತಾದವು. ಮೀಟರ್ ಬಡ್ಡಿಯಲ್ಲಿ ಸಿಕ್ಕಿಬಿದ್ದಿದ್ದ ಒಬ್ಬ ಸಹೋದರನ ಸಾಲವನ್ನು ಒಮ್ಮೆಲೇ ತೀರಿಸಲು ಸಾಧ್ಯವಾಯಿತು. ಮರುವರ್ಷ ಅವನೇ ಈ ನಿಧಿಗೆ ಸದಕಾ ತಂದುಕೊಟ್ಟ.

ಆದರೆ ಆ ಪಟ್ಟಿಯಲ್ಲಿ ಒಬ್ಬ ವೃದ್ಧೆಯಿದ್ದರು. ಹಾಸಿಗೆ ಹಿಡಿದ ನಡುವಯಸ್ಸಿನ ಮಗ, ಬೇರೆ ದಿಕ್ಕಿಲ್ಲ. ಹಿಂದೆ ಯಾರೋ ಒಬ್ಬರು ಪ್ರತಿ ತಿಂಗಳು ಮಗನ ಮಾತ್ರೆಗೆಂದು 800 ರೂಪಾಯಿ ಕೊಡುತ್ತಿದ್ದರು. ಈಗ ಅವರೂ ತಮ್ಮ ಝಕಾತನ್ನು ನಮ್ಮ ನಿಧಿಗೇ ಒಪ್ಪಿಸಿದ್ದರು. ಕೊನೆಯ ಅಂಕಣಕ್ಕೆ ಬಂದಾಗ ನನಗೆ ಬರೆಯಲು ಏನೂ ತೋಚಲಿಲ್ಲ. ಮಗ ಏಳುವವನಲ್ಲ, ತಾಯಿ ದುಡಿಯುವ ಪ್ರಾಯದವರಲ್ಲ. ನಾನೊಂದು ಅಡ್ಡಗೆರೆ ಎಳೆದೆ. ಸಭೆಯಲ್ಲಿ ಹಣ ಸಾಲದೆ ಬಂದಾಗ ಅಡ್ಡಗೆರೆ ಇದ್ದ ಹೆಸರುಗಳು ಮುಂದಿನ ವರ್ಷಕ್ಕೆ ಹೋದವು. ಆ ವರ್ಷ ಏಳು ಹೊಲಿಗೆ ಯಂತ್ರ ಕೊಟ್ಟೆವು. ವರ್ಷ ಕಳೆದು ಹೋಗಿ ನೋಡಿದಾಗ ನಾಲ್ಕು ನಡೆಯುತ್ತಿದ್ದವು. ಒಂದು ಮೂಲೆ ಸೇರಿತ್ತು. ಎರಡನ್ನು ಮಾರಿದ್ದರು, ಅದರಲ್ಲಿ ಒಂದನ್ನು ಮಗುವಿನ ಆಸ್ಪತ್ರೆ ಖರ್ಚಿಗೆ.

ಸುಮಾರು ಎರಡು ತಿಂಗಳಾಗಿರಬೇಕು. ಜುಮುಅ ಮುಗಿಸಿ ಹೊರಗೆ ಬರುವಾಗ ಮಸೀದಿಯ ಗೇಟಿನ ಬದಿಯಲ್ಲಿ ಕೈಚಾಚುವವರ ನಡುವೆ ಮುಖದ ತುಂಬ ಸೆರಗೆಳೆದುಕೊಂಡು ಆ ಉಮ್ಮ ನಿಂತಿದ್ದರು. ಜೀವಮಾನದಲ್ಲಿ ಯಾರ ಬಾಗಿಲಲ್ಲೂ ನಿಂತವರಲ್ಲ ಅವರು. ನನ್ನನ್ನು ಕಂಡು ಇನ್ನಷ್ಟು ಹಿಂದೆ ಸರಿದರು. ನಾನು ಹತ್ತಿರ ಹೋದಾಗ ದೂರಲಿಲ್ಲ. “ಉಸ್ತಾದರೇ, ಮಗನ ಮಾತ್ರೆ ಮುಗಿದಿದೆ. ಇಲ್ಲಿ ನಿಂತರೆ ಏನಾದರೂ ಸಿಗುತ್ತದೆಂದು ಹೇಳಿದರು,” ಎಂದಷ್ಟೇ ಅಂದರು.

ಬೇಡದವರ ಬಗ್ಗೆ, ಅವರ ಮಾನವನ್ನು ಕಂಡು ಅರಿಯದವನು ಅವರನ್ನು ಸ್ಥಿತಿವಂತರೆಂದೇ ಎಣಿಸುವ ಬಗ್ಗೆ ಸೂರಃ ಅಲ್ ಬಕರಃದ 273ನೇ ವಚನವನ್ನು ನಾನು ಮಕ್ಕಳಿಗೆ ಎಷ್ಟು ಸಲ ಓದಿಸಿದ್ದೆ! ಅಂಥ ಒಬ್ಬರನ್ನು ನನ್ನ ಅಡ್ಡಗೆರೆಯೇ ಬೇಡುವವರ ಸಾಲಿಗೆ ತಂದು ನಿಲ್ಲಿಸಿತ್ತು.

ಆ ದಿನದಿಂದ ಎಂಟು ವರ್ಗಗಳ ವಚನವನ್ನು ಬೇರೆ ಕಣ್ಣಿನಿಂದ ಓದಲು ಕಲಿತೆ. ಬಡವ, ದರಿದ್ರ, ಸಾಲಗಾರ, ದಾರಿಹೋಕ. ಅಲ್ಲಾಹನು ಅವರ ಸ್ಥಿತಿಯನ್ನು ಹೇಳಿದ್ದಾನೆ, ಅವರಿಂದ ಬರುವ ಪ್ರಯೋಜನವನ್ನು ಹೇಳಿಲ್ಲ. ಹಕ್ಕು ಹುಟ್ಟುವುದು ಅಗತ್ಯದಿಂದ, ಫಲದಿಂದಲ್ಲ. ಹ. ಉಮರ್(ರ) ಬಾಗಿಲಿನಿಂದ ಬಾಗಿಲಿಗೆ ಬೇಡುತ್ತಿದ್ದ ಕುರುಡ ಯಹೂದಿ ಮುದುಕನೊಬ್ಬನನ್ನು ಕಂಡದ್ದನ್ನು ಇಮಾಮ್ ಅಬೂ ಯೂಸುಫ್(ರಹ) ‘ಕಿತಾಬುಲ್ ಖರಾಜ್‌’ನಲ್ಲಿ ದಾಖಲಿಸಿದ್ದಾರೆ. ಖಲೀಫರು ಅವನ ಕೈಹಿಡಿದು ಮನೆಗೆ ಕರೆದೊಯ್ದರು. ಅವನ ಯೌವನದಲ್ಲಿ ತೆರಿಗೆ ತಿಂದು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲವೆಂದು, ಅವನಿಗೂ ಅವನಂಥವರಿಗೂ ಬೈತುಲ್ ಮಾಲ್‌ನಿಂದ ಕೊಡಿಸಿದರು. ಆ ಮುದುಕನಿಂದ ಯಾವ ಪ್ರಯೋಜನದ ನಿರೀಕ್ಷೆಯಿತ್ತು?

ತಕ್ಕಡಿ ಏನನ್ನು ತೂಗಬೇಕು?

ಹಾಗಾದರೆ ಲೆಕ್ಕವೇ ತಪ್ಪೇ? ಅಲ್ಲ. ನನ್ನ ತಪ್ಪು ರಿಜಿಸ್ಟರ್ ಬರೆದದ್ದಲ್ಲ. ಕೊಡುವವನ ಕೆಲಸವನ್ನು ತೂಗಬೇಕಾದ ತಕ್ಕಡಿಯಲ್ಲಿ ಪಡೆಯುವವರ ಬೆಲೆಯನ್ನು ತೂಗಿದ್ದು ತಪ್ಪು. ನಾವು ಕೊಟ್ಟದ್ದು ಮುಟ್ಟಿತೇ, ಸಾಕಾಯಿತೇ, ಸಕಾಲದಲ್ಲಿ ಸಿಕ್ಕಿತೇ, ಮಾನ ಉಳಿಸಿಕೊಟ್ಟೆವೇ ಎಂಬುದನ್ನು ಅಳೆಯುವುದು ನಮ್ಮ ಕರ್ತವ್ಯ. ಯಾರ ಬದುಕು ಖರ್ಚಿಗೆ ತಕ್ಕದ್ದು, ಯಾರದಲ್ಲ ಎಂದು ತೀರ್ಮಾನಿಸುವ ಅಧಿಕಾರ ನಮಗಿಲ್ಲ.

ನಮ್ಮ ಕರ್ಮದ ಪ್ರತಿಫಲವನ್ನು ತೂಗುವ ತಕ್ಕಡಿಯೂ ನಮ್ಮ ಕೈಯಲ್ಲಿಲ್ಲ. ಅರ್ಧ ಖರ್ಜೂರವಾದರೂ ಕೊಟ್ಟು ನರಕದಿಂದ ಪಾರಾಗಲು ಪ್ರವಾದಿವರ್ಯರು(ಸ) ಹೇಳಿದ್ದಾರೆ. ಎರಡೇ ದಿರ್ಹಮ್ ಇದ್ದವನು ಕೊಟ್ಟ ಒಂದು ದಿರ್ಹಮ್, ಅಪಾರ ಸಂಪತ್ತಿನಿಂದ ಎತ್ತಿ ಕೊಟ್ಟ ಲಕ್ಷ ದಿರ್ಹಮ್‌ಗಿಂತ ಮುಂದೆ ಹೋಯಿತೆಂದಿದ್ದಾರೆ. ಜಗತ್ತಿನ ಲೆಕ್ಕದಲ್ಲಿ ಲಕ್ಷವೇ ದೊಡ್ಡದು, ಲಕ್ಷದಿಂದ ತುಂಬುವ ಹೊಟ್ಟೆಗಳೇ ಹೆಚ್ಚು. ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಬಡ ಸಹಾಬಿಗಳು ಬೆವರಿನಿಂದ ಗಳಿಸಿ ತಂದ ಹಿಡಿ ಖರ್ಜೂರವನ್ನು ಕಂಡು ನಕ್ಕವರು ಕಪಟವಿಶ್ವಾಸಿಗಳು ಎಂಬುದನ್ನು ಮರೆಯಬಾರದು.

ಇನ್ನು, ವಿಚಾರಿಸಿ ಕೊಟ್ಟೂ ಮೋಸ ಹೋದರೆ? ಬುಖಾರಿ, ಮುಸ್ಲಿಮ್ ಎರಡರಲ್ಲೂ ಒಬ್ಬನ ವೃತ್ತಾಂತವಿದೆ. ಅವನು ರಾತ್ರಿಯಲ್ಲಿ ಗುಟ್ಟಾಗಿ ಕೊಟ್ಟ ದಾನ ಒಮ್ಮೆ ಕಳ್ಳನ ಕೈ ಸೇರಿತು, ಒಮ್ಮೆ ವ್ಯಭಿಚಾರಿಣಿಯ ಕೈ, ಮತ್ತೊಮ್ಮೆ ಶ್ರೀಮಂತನ ಕೈ. ಊರು ಆಡಿಕೊಂಡಿತು. ಅವನಿಗೋ ಸಮಾಧಾನದ ವಾರ್ತೆ ಬಂತು. ಆ ಕಳ್ಳ ಕಳವು ಬಿಡಬಹುದು, ಅವಳು ದಾರಿ ಬದಲಿಸಬಹುದು, ಶ್ರೀಮಂತನಿಗೂ ಕೊಡುವ ಬುದ್ಧಿ ಬರಬಹುದು ಎಂದು. ಫಿಕ್ಹ್‌ನಲ್ಲೂ, ವಿಚಾರಿಸಿ ಅರ್ಹನೆಂದು ನಂಬಿ ಝಕಾತ್ ಕೊಟ್ಟ ಮೇಲೆ ಅವನು ಶ್ರೀಮಂತನೆಂದು ತಿಳಿದರೆ ಝಕಾತ್ ಸಂದಿತೆನ್ನುತ್ತಾರೆ ಇಮಾಮ್ ಅಬೂ ಹನೀಫಾ(ರಹ). ಮತ್ತೆ ಕೊಡಬೇಕೆನ್ನುತ್ತಾರೆ ಅವರ ಶಿಷ್ಯ ಅಬೂ ಯೂಸುಫ್(ರಹ). ಆದರೆ ವಿಚಾರಿಸುವ ಪ್ರಯತ್ನವೇ ಬೇಡವೆಂದು ಅವರಲ್ಲಿ ಯಾರೂ ಹೇಳಲಿಲ್ಲ. ಪ್ರಯತ್ನ ನಮ್ಮದು, ಫಲ ಅಲ್ಲಾಹನದು.

ನಾವು ಮಾಡಬಹುದಾದದ್ದು

ನಮ್ಮ ರಿಜಿಸ್ಟರಿನಲ್ಲಿ ಈಗ ಆ ಕೊನೆಯ ಅಂಕಣವಿಲ್ಲ. ಬಂದ ಹಣದಲ್ಲಿ ಮೊದಲ ಪಾಲು ಇಂದಿನ ಹಸಿವು, ಔಷಧಿ, ಬಾಡಿಗೆಗೆ. ಇಲ್ಲಿ ಫಲ ಕೇಳುವುದಿಲ್ಲ. ಎರಡನೆಯ ಪಾಲು ಸಾಲ ತೀರಿಸಲು, ಕಸುಬಿಗೆ, ಓದಿಗೆ. ಇಲ್ಲಿ ಬಿಗಿಯಾಗಿ ಲೆಕ್ಕ ನೋಡುತ್ತೇವೆ. ಹಸಿವಿಗೊಂದು, ಕೊಡಲಿಗೊಂದು. ಪ್ರವಾದಿವರ್ಯರ(ಸ) ಎರಡು ದಿರ್ಹಮ್‌ನ ಕ್ರಮವೇ ಇದು. ಎರಡೂ ಪಾಲು ಎಲ್ಲರಿಗೂ ಸಾಲುವುದಿಲ್ಲ. ಡಯಾಲಿಸಿಸ್‌ನಲ್ಲಿರುವ ಒಬ್ಬರಿಗೋ, ಕಾಲೇಜು ಬಿಡುವ ಸ್ಥಿತಿಯಲ್ಲಿರುವ ಐದು ಮಂದಿ ಹುಡುಗಿಯರಿಗೋ ಎಂಬ ಪ್ರಶ್ನೆ ಎದುರಾದ ರಾತ್ರಿ ಯಾರಿಗೂ ನಿದ್ದೆ ಬರುವುದಿಲ್ಲ. ಆ ನಿದ್ದೆಗೇಡನ್ನು ಅಂಕಿಗಳಿಂದ ಹೋಗಲಾಡಿಸಿಕೊಳ್ಳಲು ಈಗ ನನಗೆ ಮನಸ್ಸಿಲ್ಲ.

ನಿಮಗೂ ಕೆಲವು ಮಾತು ಹೇಳಿ ಮುಗಿಸುತ್ತೇನೆ. ಈ ವರ್ಷ ಝಕಾತ್ ತೆಗೆದಿಟ್ಟ ಮೇಲೆ ನೋಟು ಚಿಲ್ಲರೆ ಮಾಡಿಸುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಬಂಧುಗಳಲ್ಲಿ, ನೆರೆಯಲ್ಲಿ ಕೇಳಲು ನಾಚುವವರು ಯಾರೆಂದು ಮನೆಯ ಹೆಂಗಸರನ್ನು ಕೇಳಿ. ಗಂಡಸರಿಗೆ ತಿಳಿಯದ ಎಷ್ಟೋ ಸಂಗತಿ ಅವರಿಗೆ ತಿಳಿದಿರುತ್ತದೆ. ಆ ಹಾಳೆಯಲ್ಲಿ ಹತ್ತು ಹೆಸರಿದ್ದರೆ ಒಬ್ಬರ ಒಂದು ಕಷ್ಟವನ್ನಾದರೂ ಪೂರ್ತಿ ನೀಗಿಸಲು ಸಾಧ್ಯವೇ ನೋಡಿ. ಬಡವರನ್ನು ನಿಮ್ಮ ಬಾಗಿಲಿಗೆ ಕರೆಸಬೇಡಿ, ನೀವೇ ಅವರ ಬಾಗಿಲಿಗೆ ಹೋಗಿ. ಫೋಟೋ ಬೇಡ. ಒಂದು ವರ್ಷ ಕಳೆದ ಮೇಲೆ ಮತ್ತೆ ಆ ಬಾಗಿಲಿಗೆ ಹೋಗಿ ಕ್ಷೇಮ ವಿಚಾರಿಸಿ. ಕೊಟ್ಟದ್ದರ ಲೆಕ್ಕ ಕೇಳಲೆಂದಲ್ಲ, ಕೊಟ್ಟದ್ದು ಸಾಲಲಿಲ್ಲವೇ ಎಂದು ತಿಳಿಯಲು. ಕೊಟ್ಟ ಮೇಲೆ ಆ ಹಣದ ಒಡೆಯ ಅವನೇ. ಲೆಕ್ಕ ಒಪ್ಪಿಸಬೇಕಾದವರು ನಾವು.

ಸಂಪತ್ತನ್ನು ಹೇಗೆ ಗಳಿಸಿದೆ, ಹೇಗೆ ಖರ್ಚು ಮಾಡಿದೆ ಎಂಬ ಪ್ರಶ್ನೆಗೆ ನಾಳೆ ಅಲ್ಲಾಹನ ಮುಂದೆ ನಿಂತು ಉತ್ತರಿಸಬೇಕಾಗಿರುವ ನಮಗೆ ಇಂದೇ ಲೆಕ್ಕ ನೋಡುವ ಎಚ್ಚರವನ್ನೂ, ಲೆಕ್ಕಕ್ಕೆ ನಿಲುಕದವರ ಮುಂದೆ ತಲೆತಗ್ಗಿಸುವ ವಿನಯವನ್ನೂ ಅವನು ಕರುಣಿಸಲಿ. ನಮ್ಮ ಕೊಡುಗೆಗಳಲ್ಲಿರುವ ಲೋಪಗಳನ್ನು ಕ್ಷಮಿಸಿ ಸ್ವೀಕರಿಸಲಿ. ಆಮೀನ್.